ಎಲ್‌ಇಡಿ ಸ್ಟ್ರಿಪ್‌ಗೆ ಯಾವ ಡ್ರೈವರ್? ಲೇಬಲ್ ಓದಿ, ಲೆಕ್ಕ ಹಾಕಿ, ಜಾಗ ನೋಡಿ ಕೊಳ್ಳಿ

ಗೃಹಪ್ರವೇಶವಾಗಿ ಇನ್ನೂ ಎಂಟು ತಿಂಗಳಾಗಿರುವುದಿಲ್ಲ, ಹಾಲ್‌ನ ಕೋವ್, ಅಂದರೆ ಸೀಲಿಂಗ್ ಅಂಚಿನ ಮರೆಯಿಂದ ಬರುವ ಬೆಳಕು ಪಿಳಿಪಿಳಿ ಅನ್ನತೊಡಗುತ್ತದೆ. ಸ್ಟ್ರಿಪ್ ಹೋಯಿತು ಎಂದುಕೊಂಡು ಏಣಿ ಹಾಕಿ ನೋಡಿದರೆ ಸ್ಟ್ರಿಪ್ ಸರಿಯಾಗಿಯೇ ಇರುತ್ತದೆ. ಜಿಪ್ಸಮ್ ಬೋರ್ಡಿನ ಮೇಲೆ, ಗಾಳಿಯಾಡದ ಮೂಲೆಯಲ್ಲಿ ತುರುಕಿದ ಡ್ರೈವರ್, ಅಂದರೆ ಮನೆಯ ಕರೆಂಟನ್ನು ಸ್ಟ್ರಿಪ್‌ಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಡಬ್ಬಿ, ಸತ್ತಿರುತ್ತದೆ. ಬೆಳಕಿನ ಬಣ್ಣ ಹಳದಿಯೋ ಬಿಳಿಯೋ, ಮೀಟರಿಗೆ ಎಷ್ಟು ಎಲ್‌ಇಡಿ ಎಂದು ಸ್ಟ್ರಿಪ್ ಆರಿಸಲು ಅಂಗಡಿಯಲ್ಲಿ ಒಂದು ಗಂಟೆ ನಿಲ್ಲುವವರು ಡ್ರೈವರ್ ವಿಷಯಕ್ಕೆ ಬಂದಾಗ ‘ಇದಕ್ಕೆ ಸರಿಹೋಗೋದು ಒಂದು ಕೊಡಿ’ ಎಂದುಬಿಡುತ್ತಾರೆ. ಮೊದಲು ಕೈಕೊಡುವುದು ಹೆಚ್ಚಾಗಿ ಡ್ರೈವರೇ. ಹಾಗಾಗಿ ಹಣ ಉಳಿಸಲೇಬೇಕಾದರೆ ಸ್ಟ್ರಿಪ್‌ನಲ್ಲಿ ಉಳಿಸಿ, ಡ್ರೈವರ್‌ನಲ್ಲಿ ಬೇಡ.

ಮೊದಲು ಲೇಬಲ್

ಅಂಗಡಿಯಲ್ಲಿ ‘ಎಲ್‌ಇಡಿ ಡ್ರೈವರ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತು ಸಿಗುತ್ತವೆ. ಒಂದು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ, ಇನ್ನೊಂದು ಕರೆಂಟನ್ನು. ಸೀಲಿಂಗ್‌ನ ಪ್ಯಾನೆಲ್ ಲೈಟ್, ಡೌನ್‌ಲೈಟ್, ಸ್ಪಾಟ್‌ಲೈಟ್‌ಗಳ ಜೊತೆ ಬರುವ ಪುಟ್ಟ ಬಿಳಿ ಡಬ್ಬಿ ಎರಡನೇ ಜಾತಿಯದು. ಅದರ ಮೇಲೆ ‘ಔಟ್‌ಪುಟ್ 24–42 ವೋಲ್ಟ್, 300 ಮಿಲಿಆಂಪ್’ ಎಂಬಂಥ ಬರಹ ಇರುತ್ತದೆ. ವೋಲ್ಟ್ ಜಾಗದಲ್ಲಿ ‘ಇಷ್ಟರಿಂದ ಇಷ್ಟು’ ಎಂದಿದ್ದು ಕರೆಂಟ್ ಒಂದೇ ಅಂಕಿಯಲ್ಲಿದ್ದರೆ ಅದು ಸ್ಟ್ರಿಪ್‌ಗೆ ಬೇಡ. ವೋಲ್ಟ್ ಒಂದೇ ಅಂಕಿ, ಉದಾಹರಣೆಗೆ 12 ಅಥವಾ 24, ಮತ್ತು ಕರೆಂಟ್ ‘ಗರಿಷ್ಠ ಇಷ್ಟು ಆಂಪ್’ ಎಂದಿದ್ದರೆ ಸ್ಟ್ರಿಪ್‌ಗೆ ಬೇಕಾದದ್ದು ಅದೇ.

ಮನೆಯಲ್ಲಿ ಉಳಿದಿದ್ದ ಹಳೆಯ ಪ್ಯಾನೆಲ್ ಡ್ರೈವರನ್ನು ಸ್ಟ್ರಿಪ್‌ಗೆ ಕಟ್ಟಿ ‘ಉರೀತಲ್ಲ’ ಎಂದು ಬಿಡುವುದುಂಟು. ಉದ್ದದ ಸ್ಟ್ರಿಪ್ ಕಟ್ಟಿದರೆ 300 ಮಿಲಿಆಂಪ್ ಸಾಲದೆ ಮಂಕಾಗಿ ಉರಿಯುತ್ತದೆ ಅಥವಾ ಮಿಣುಕುತ್ತದೆ. ಒಂದಡಿ ತುಂಡು ಕಟ್ಟಿದರೆ ಅದೇ ಡ್ರೈವರ್ 300 ಮಿಲಿಆಂಪನ್ನು ಹೇಗಾದರೂ ದಾಟಿಸಲು ವೋಲ್ಟೇಜ್ ಏರಿಸುತ್ತ ಹೋಗಿ ತುಂಡನ್ನು ಸುಡುತ್ತದೆ.

ಲೇಬಲ್‌ನಲ್ಲಿ ಇನ್ನೊಂದನ್ನು ನೋಡಿ: ಇನ್‌ಪುಟ್ ವೋಲ್ಟೇಜ್. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಟ್ರಾನ್ಸ್‌ಫಾರ್ಮರ್‌ನಿಂದ ದೂರ, ಲೈನಿನ ಕೊನೆಯಲ್ಲಿರುವ ಹಳ್ಳಿ ಮನೆಗಳಲ್ಲಿ ಸಂಜೆ ಪಂಪ್‌ಸೆಟ್‌ಗಳು ಓಡುವಾಗ ಅದು 170ಕ್ಕೂ ಇಳಿಯಬಹುದು. ‘180–264’ ಎಂದು ಬರೆದ ಡ್ರೈವರ್ ಅಂಥ ಕಡೆ ಆಗಾಗ ಆರಿ ಹತ್ತುತ್ತದೆ. ಅಲ್ಲಿಗೆ ‘90–264’ ಅಥವಾ ‘100–264’ ಎಂದಿರುವುದನ್ನೇ ಕೇಳಿ ತೆಗೆದುಕೊಳ್ಳಿ.

12 ವೋಲ್ಟೋ, 24 ವೋಲ್ಟೋ

ಇದಕ್ಕೆ ಉತ್ತರ ಸ್ಟ್ರಿಪ್‌ನ ಒಳಗೇ ಇದೆ. ಸಾಮಾನ್ಯ 12 ವೋಲ್ಟ್ ಸ್ಟ್ರಿಪ್ ಒಂದನ್ನು ಕೈಯಲ್ಲಿ ಹಿಡಿದು ಕತ್ತರಿ ಗುರುತಿನಿಂದ ಕತ್ತರಿ ಗುರುತಿನವರೆಗೆ ನೋಡಿ. ಮೂರು ಎಲ್‌ಇಡಿ, ಪಕ್ಕದಲ್ಲಿ ಎಳ್ಳುಕಾಳಿನಷ್ಟು ಚಿಕ್ಕದಾದ, ಕರೆಂಟನ್ನು ತಡೆಹಿಡಿಯುವ ಒಂದು ಕಪ್ಪು ರೆಸಿಸ್ಟರ್. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.1 ವೋಲ್ಟ್ ಬೇಕು. ಮೂರು ಸಾಲಾಗಿ ನಿಂತರೆ 9.3 ವೋಲ್ಟ್. ಉಳಿದ 2.7 ವೋಲ್ಟ್ ರೆಸಿಸ್ಟರ್ ಪಾಲಿಗೆ. ಆ ತುಂಡಿನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಎಂದು ನಿರ್ಧರಿಸುವುದು ಈ 2.7 ವೋಲ್ಟ್.

ಈಗ ವೋಲ್ಟೇಜ್ ಒಂದೇ ಒಂದು ವೋಲ್ಟ್ ಹೆಚ್ಚಾಗಿ 13 ಆಯಿತು ಎನ್ನಿ. ಎಲ್‌ಇಡಿಗಳು ತಮ್ಮ 9.3ರ ಹತ್ತಿರವೇ ನಿಲ್ಲುತ್ತವೆ, ಹೆಚ್ಚಾದ ಅಷ್ಟೂ ರೆಸಿಸ್ಟರ್ ಮೇಲೆ ಬೀಳುತ್ತದೆ: 2.7 ಇದ್ದದ್ದು 3.7. ಕರೆಂಟ್ ಮೂರನೇ ಒಂದು ಭಾಗದಷ್ಟು ಏರುತ್ತದೆ. 12 ವೋಲ್ಟ್ ಸ್ಟ್ರಿಪ್‌ಗೆ ಅಪ್ಪಿತಪ್ಪಿ 24 ವೋಲ್ಟ್ ಕೊಟ್ಟರೆ ಐದು ಪಟ್ಟಿಗೂ ಹೆಚ್ಚು. ಕೆಲವೇ ಸೆಕೆಂಡಿನಲ್ಲಿ ಎಲ್‌ಇಡಿಗಳು ನೀಲಿಗಟ್ಟಿ, ವಾಸನೆ ಬಂದು, ಕಥೆ ಮುಗಿಯುತ್ತದೆ. ತಿರುಗಿಸಿ, 24 ವೋಲ್ಟ್ ಸ್ಟ್ರಿಪ್‌ಗೆ 12 ಕೊಟ್ಟರೆ ಅದರ ಆರು ಎಲ್‌ಇಡಿಗಳ 18.6 ವೋಲ್ಟ್ ಹೊರೆ ದಾಟಲಾಗದೆ ಉರಿಯುವುದೇ ಇಲ್ಲ. ‘ಡೆಡ್ ಪೀಸ್’ ಎಂದು ಹಿಂದಕ್ಕೆ ಬರುವ ಎಷ್ಟೋ ಸ್ಟ್ರಿಪ್‌ಗಳ ಕಥೆ ಇಷ್ಟೇ.

24ರ ಲಾಭ ಗೊತ್ತಾಗುವುದು ವೈರಿನಲ್ಲಿ. ಮೀಟರಿಗೆ 120 ಎಲ್‌ಇಡಿಯ 2835 ಸ್ಟ್ರಿಪ್ (ಈ ಅಂಕಿ ಎಲ್‌ಇಡಿಯ ಅಳತೆಯ ಗುರುತು) ಮೀಟರಿಗೆ 9.6 ವ್ಯಾಟ್ ಎನ್ನಿ. ಐದು ಮೀಟರಿನ ರೋಲ್‌ಗೆ 48 ವ್ಯಾಟ್. 12 ವೋಲ್ಟ್‌ನಲ್ಲಿ ಅದು 4 ಆಂಪ್, 24ರಲ್ಲಿ 2 ಆಂಪ್. ಡ್ರೈವರ್ ಟಿವಿ ಯೂನಿಟ್ ಹಿಂದೆ, ಸ್ಟ್ರಿಪ್ ಅಲ್ಲಿಂದ 6 ಮೀಟರ್ ದೂರದಲ್ಲಿ. 1 ಸ್ಕ್ವೇರ್ ಎಂಎಂ ತಾಮ್ರದ ವೈರ್. ಹೋಗಿಬರುವ 12 ಮೀಟರಿಗೆ ಸುಮಾರು 0.2 ಓಮ್. 12 ವೋಲ್ಟ್‌ನಲ್ಲಿ ವೈರೇ 0.8 ವೋಲ್ಟ್ ತಿನ್ನುತ್ತದೆ. ಅದು ಕಳೆಯುವುದು ಎಲ್ಲಿಂದ? ಆ 2.7ರಿಂದ. ಸ್ಟ್ರಿಪ್ ಶುರುವಾಗುವ ಜಾಗದಲ್ಲೇ ಬೆಳಕು ಸುಮಾರು ಕಾಲುಭಾಗ ಕುಗ್ಗಿರುತ್ತದೆ. 24ರಲ್ಲಿ ವೈರ್ ತಿನ್ನುವುದು 0.4 ವೋಲ್ಟ್, ರೆಸಿಸ್ಟರ್ ಪಾಲಿಗೆ ಇರುವುದು 5.4. ನಷ್ಟ ಶೇ 7–8, ಕಣ್ಣಿಗೆ ಕಾಣುವುದಿಲ್ಲ.

ಸ್ಟ್ರಿಪ್‌ನೊಳಗಿನ ತಾಮ್ರದ ಪಟ್ಟಿ ವೈರಿಗಿಂತ ಇನ್ನೂ ತೆಳು. ಅದಕ್ಕೇ ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ 12 ವೋಲ್ಟ್ ಸ್ಟ್ರಿಪ್ ಐದು ಮೀಟರಿಗೆ, 24 ವೋಲ್ಟ್ ಸ್ಟ್ರಿಪ್ ಹತ್ತು ಮೀಟರಿಗೆ ನಿಲ್ಲಬೇಕು ಎನ್ನುವುದು. ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಬದಲಿಸುವ ಆರ್‌ಜಿಬಿ ಸ್ಟ್ರಿಪ್‌ನಲ್ಲಿ ಈ ತಪ್ಪು ಬಣ್ಣದಲ್ಲೇ ಕಾಣುತ್ತದೆ. ನೀಲಿ, ಹಸಿರು ಎಲ್‌ಇಡಿಗೆ ವೋಲ್ಟೇಜ್ ಹೆಚ್ಚು ಬೇಕು, ಕೆಂಪಿಗೆ ಕಡಿಮೆ ಸಾಕು. ವೋಲ್ಟೇಜ್ ಸೊರಗಿದ ದೂರದ ತುದಿಯಲ್ಲಿ ಬಿಳಿ ಬೆಳಕು ಕೆಂಪು ತಿರುಗಿರುತ್ತದೆ.

ಹೊಸದಾಗಿ ಹಾಕಿಸುವ ಹಾಲ್, ಬೆಡ್‌ರೂಮ್ ಕೋವ್‌ಗೆ 24 ವೋಲ್ಟ್ ಬಿಟ್ಟು ಬೇರೆ ಯೋಚನೆ ಮಾಡುವ ಕಾರಣ ಕಾಣುವುದಿಲ್ಲ. ಶೋಕೇಸ್, ದೇವರ ಮನೆಯ ಮಂಟಪ, ವಾರ್ಡ್‌ರೋಬ್, ಅಡುಗೆಮನೆಯ ಕ್ಯಾಬಿನೆಟ್ ಕೆಳಗಿನ ಎರಡು ಮೂರು ಮೀಟರಿಗೆ 12 ವೋಲ್ಟ್ ಧಾರಾಳ ಸಾಕು; ಅದರ ಡ್ರೈವರ್ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ ಎನ್ನುವುದು ಚಿಕ್ಕ ಅನುಕೂಲವಲ್ಲ. 5 ವೋಲ್ಟ್ ಬೇಕಾಗುವುದು ಒಂದೊಂದು ಎಲ್‌ಇಡಿಗೂ ಬೇರೆ ಬಣ್ಣ ಕೊಡುವ ಡಬ್ಲ್ಯುಎಸ್2812ಬಿ ತರಹದ ಪಿಕ್ಸೆಲ್ ಸ್ಟ್ರಿಪ್‌ಗೆ. ಅದರಲ್ಲಿ ಪೂರ್ತಿ ಬಿಳಿ ಉರಿಸಿದಾಗ ಎಲ್‌ಇಡಿ ಒಂದಕ್ಕೆ 60 ಮಿಲಿಆಂಪ್; ಮೀಟರಿಗೆ 60 ಎಲ್‌ಇಡಿ ಇದ್ದರೆ 3.6 ಆಂಪ್, ಐದು ಮೀಟರಿಗೆ 18 ಆಂಪ್. ಗಣಪತಿ ಮಂಟಪಕ್ಕೆ ಇದನ್ನು ಕಟ್ಟುವವರು ಮೊಬೈಲ್ ಚಾರ್ಜರ್ ನಂಬಿ ಕೂರಬಾರದು.

ವ್ಯಾಟ್ ಲೆಕ್ಕ

12 ಅಡಿಗೆ 14 ಅಡಿಯ ಹಾಲ್ ತೆಗೆದುಕೊಳ್ಳೋಣ. ಸುತ್ತಳತೆ 52 ಅಡಿ, ಹತ್ತಿರ ಹತ್ತಿರ 16 ಮೀಟರ್. ಮೀಟರಿಗೆ 9.6 ವ್ಯಾಟಿನಂತೆ 154 ವ್ಯಾಟ್. ಇಷ್ಟಕ್ಕೆ 150 ವ್ಯಾಟಿನ ಡ್ರೈವರ್ ಹಾಕುವುದೇ ಎಲ್ಲ ಕಡೆ ನಡೆಯುವ ತಪ್ಪು. ಡ್ರೈವರನ್ನು ಅದರ ಶಕ್ತಿಯ ಶೇ 80ರ ಒಳಗೇ ದುಡಿಸಬೇಕು. 154ನ್ನು 0.8ರಿಂದ ಭಾಗಿಸಿದರೆ 192. ಆದ್ದರಿಂದ 200 ವ್ಯಾಟ್.

ಒಂದು 200 ವ್ಯಾಟ್ ಬದಲು ಎರಡು 100 ವ್ಯಾಟ್ ಹಾಕಿದರೆ ಹೇಗೆ? ಕೋವ್‌ಗೆ ಅದೇ ಮೇಲು. ಉದಾಹರಣೆಗೆ ಮೀನ್ ವೆಲ್ ಕಂಪನಿಯ ಎಲ್‌ಆರ್‌ಎಸ್-100-24 ಕೊಡುವುದು 4.5 ಆಂಪ್, ಅಂದರೆ 108 ವ್ಯಾಟ್. ಎದುರುಬದುರು ಮೂಲೆಗಳಲ್ಲಿ ಒಂದೊಂದನ್ನು ಇಟ್ಟು ತಲಾ 8 ಮೀಟರ್ ಸ್ಟ್ರಿಪ್ ಕೊಟ್ಟರೆ ಪ್ರತಿಯೊಂದರ ಮೇಲೂ 77 ವ್ಯಾಟ್. ಶೇ 71ರಷ್ಟೇ ದುಡಿತ, ಹತ್ತು ಮೀಟರಿನ ಮಿತಿಯ ಒಳಗೆ, ವೈರ್ ಓಟವೂ ಕಡಿಮೆ. ಒಂದು ಕೆಟ್ಟರೂ ಅರ್ಧ ಹಾಲ್ ಬೆಳಗುತ್ತಿರುತ್ತದೆ. ಆದರೆ ಎರಡರ ಔಟ್‌ಪುಟ್‌ಗಳನ್ನು ಒಟ್ಟಿಗೆ ಸೇರಿಸಿ ಒಂದೇ ಸ್ಟ್ರಿಪ್‌ಗೆ ಕೊಡಬೇಡಿ. ಒಂದರದ್ದು 24.1, ಇನ್ನೊಂದರದ್ದು 23.9 ಇದ್ದರೆ ಮೊದಲನೆಯದೇ ಹೊರೆಯೆಲ್ಲ ಹೊತ್ತು ಸುಸ್ತಾಗುತ್ತದೆ. ಎರಡು ಸ್ಟ್ರಿಪ್‌ಗಳು ಸಂಧಿಸುವ ಜಾಗದಲ್ಲಿ ಪ್ಲಸ್ ಪಟ್ಟಿ ಕಡಿದಿರಲೇಬೇಕು.

ಸ್ಟ್ರಿಪ್ ರೋಲಿನ ಮೇಲೆ ಬರೆದ ವ್ಯಾಟನ್ನು ಪೂರ್ತಿ ನಂಬಬೇಡಿ. ಅಗ್ಗದ ಸ್ಟ್ರಿಪ್ 14.4 ಎಂದು ಬರೆದುಕೊಂಡು ಒಂಬತ್ತನ್ನೇ ಎಳೆಯಬಹುದು. ಹಾಗಾದರೆ ಬೆಳಕು ಕಡಿಮೆ, ಡ್ರೈವರಿಗೆ ತೊಂದರೆಯಿಲ್ಲ. ಬರೆದದ್ದಕ್ಕಿಂತ ಹೆಚ್ಚು ಎಳೆದರೆ ತೊಂದರೆ. ಒಂದು ಮೀಟರ್ ಕತ್ತರಿಸಿ, ಮಲ್ಟಿಮೀಟರನ್ನು 10 ಆಂಪ್ ಡಿಸಿಗೆ ಇಟ್ಟು ಸರಣಿಯಲ್ಲಿ ಜೋಡಿಸಿ ನೋಡಿದರೆ ನಿಜ ತಿಳಿಯುತ್ತದೆ: 24 ವೋಲ್ಟ್‌ನಲ್ಲಿ 0.4 ಆಂಪ್ ತೋರಿಸಿದರೆ ಅದು 9.6 ವ್ಯಾಟ್. ಐದು ಮೀಟರ್ ಒಟ್ಟಿಗೆ ಅಳೆದು ಐದರಿಂದ ಭಾಗಿಸಬೇಡಿ. ದೂರದ ತುದಿಯ ಕುಸಿತ ಸೇರಿಕೊಂಡು ಅಂಕಿ ಕಡಿಮೆ ಬರುತ್ತದೆ.

ಮನೆಯ ಯುಪಿಎಸ್ ಲೈನಿಗೆ ಕೋವ್ ಸೇರಿಸುವ ಮೊದಲು ಇನ್ನೊಂದು ಲೆಕ್ಕ. ಡ್ರೈವರಿನಲ್ಲೂ ಸ್ವಲ್ಪ ಕರೆಂಟ್ ಶಾಖವಾಗಿ ಹೋಗುತ್ತದೆ. ಸ್ಟ್ರಿಪ್‌ಗೆ 154 ವ್ಯಾಟ್ ತಲುಪಬೇಕಾದರೆ ಗೋಡೆಯಿಂದ ಸುಮಾರು 175 ವ್ಯಾಟ್ ಎಳೆಯಬೇಕು. ಎರಡು ಫ್ಯಾನಿಗಿಂತ ಹೆಚ್ಚಿನ ಹೊರೆ ಅದು. ಕರೆಂಟ್ ಹೋದಾಗ ಅಲಂಕಾರದ ಬೆಳಕು ಬೇಕೇ ಎಂದು ವೈರಿಂಗ್ ಹಂತದಲ್ಲೇ ತೀರ್ಮಾನಿಸಿ.

ರೂಪಗಳು, ಅವು ಕೂರುವ ಜಾಗಗಳು

ತೂತು ತೂತಿನ ತಗಡಿನ ಪೆಟ್ಟಿಗೆಯ ಎಸ್‌ಎಂಪಿಎಸ್. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಅಟ್ಟಿಯಟ್ಟಿಯಾಗಿ ಕಾಣುವುದು ಇದೇ. ವ್ಯಾಟ್ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ, ಗಾಳಿ ಆಡುವುದರಿಂದ ತಂಪು, ಬಾಳಿಕೆಯೂ ಚೆನ್ನ. ಕೊರತೆ ಎರಡು. ಸ್ಕ್ರೂಗಳ ಮೇಲೆ 230 ವೋಲ್ಟ್ ಬಯಲಾಗಿ ನಿಂತಿರುತ್ತದೆ, ಪ್ಲಾಸ್ಟಿಕ್ ಮುಚ್ಚಳ ಇಲ್ಲದಿದ್ದರೆ ಬೆರಳು ತಾಗಿದರೆ ಶಾಕ್. ಎರಡನೆಯದು, ತೂತಿನೊಳಗೆ ಧೂಳು, ಇರುವೆ, ಹಲ್ಲಿ ಎಲ್ಲಕ್ಕೂ ದಾರಿ. ಹಲ್ಲಿ ನುಗ್ಗಿ ಶಾರ್ಟ್ ಆದ ಎಸ್‌ಎಂಪಿಎಸ್ ಮಲೆನಾಡಿನಲ್ಲೂ ಕರಾವಳಿಯಲ್ಲೂ ಹೊಸದಲ್ಲ. ಇದಕ್ಕೆ ಅರ್ಥ್ ಕೊಡಲೇಬೇಕು. ಅರ್ಥ್ ಇಲ್ಲದೆ ಕಟ್ಟಿದರೆ ತಗಡು ಮುಟ್ಟಿದಾಗ ಜುಮ್ ಎನ್ನುತ್ತದೆ. ಒಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳು ಅರ್ಥಿಗೆ ಹರಿಸಬೇಕಾದ ಅಲ್ಪ ಕರೆಂಟ್ ಹೋಗಲು ದಾರಿಯಿಲ್ಲದೆ ನಿಮ್ಮ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಜಾಗ: ಕೈಗೆಟಕುವ, ಬಾಗಿಲಿರುವ, ಗಾಳಿಯಾಡುವ ಗೂಡು.

ಇವುಗಳಲ್ಲಿ ದೊಡ್ಡವನ್ನು ಕೊಂಡರೆ ಪಕ್ಕದ ಕೆಂಪು ಸ್ವಿಚ್ಚನ್ನು ಮರೆಯದೆ ನೋಡಿ. ಎಲ್‌ಆರ್‌ಎಸ್-150, 200ರಂಥವಕ್ಕೆ 115/230 ಎಂಬ ಜಾರುವ ಸ್ವಿಚ್ ಇರುತ್ತದೆ. ಅದು 115ರಲ್ಲಿರುವಾಗ ನಮ್ಮ 230 ಕೊಟ್ಟರೆ ಒಳಗಿನ ಕೆಪ್ಯಾಸಿಟರ್‌ಗಳ ಮೇಲೆ ಎರಡು ಪಟ್ಟು ವೋಲ್ಟೇಜ್ ಬಿದ್ದು ಢಮಾರ್ ಎನ್ನುತ್ತದೆ. ಪೆಟ್ಟಿಗೆಯಿಂದ ತೆಗೆದ ಕೂಡಲೇ, ವೈರ್ ಮುಟ್ಟುವ ಮೊದಲೇ, ಸ್ಕ್ರೂ ಡ್ರೈವರ್ ತುದಿಯಿಂದ 230ಕ್ಕೆ ತಳ್ಳಿ. ಇನ್ನೊಂದು: 350 ವ್ಯಾಟಿನಿಂದ ಮೇಲಿನವುಗಳಲ್ಲಿ ಹೆಚ್ಚಾಗಿ ಫ್ಯಾನ್ ಇರುತ್ತದೆ. ಮಲಗುವ ಕೋಣೆಗೆ ಆ ಗುಂಯ್ ಸದ್ದು ಬೇಡ. ಚಿಕ್ಕವು ಎರಡು ಹಾಕಿ.

ತೆಳ್ಳನೆಯ ಉದ್ದದ ಸ್ಲಿಮ್ ಡ್ರೈವರ್. ಕೋವ್ ಒಳಗೆ, ಸ್ಟ್ರಿಪ್ ಕೂರಿಸುವ ಪಟ್ಟಿಯಾದ ಪ್ರೊಫೈಲ್ ಹಿಂದೆ ಕಾಣದಂತೆ ಕೂರುತ್ತದೆ ಎಂದು ಇಂಟೀರಿಯರ್‌ನವರಿಗೆ ಇದು ಅಚ್ಚುಮೆಚ್ಚು. ತೆಳ್ಳಗಿರುವುದೇ ಇದರ ದೌರ್ಬಲ್ಯ: ಶಾಖ ಹೊರಹೋಗಲು ಮೈಯಿಲ್ಲ. ಇದನ್ನು ಶೇ 80ಕ್ಕೆ ಅಲ್ಲ, ಶೇ 60–65ಕ್ಕೆ ನಿಲ್ಲಿಸಿ. 100 ವ್ಯಾಟ್ ಎಂದು ಬರೆದಿದ್ದರೆ 60 ವ್ಯಾಟ್ ಸ್ಟ್ರಿಪ್ ಹಾಕಿ, ವರ್ಷಗಟ್ಟಲೆ ಬಾಳುತ್ತದೆ.

ಪೂರ್ತಿ ಮುಚ್ಚಿ, ಒಳಗೆ ಅಂಟು ತುಂಬಿದ, ಧೂಳೂ ನೀರೂ ಒಳಹೋಗದ ಐಪಿ67 ಡ್ರೈವರ್. ಹೊರಗೋಡೆ, ಕಾಂಪೌಂಡ್, ಬಾಲ್ಕನಿ, ತುಳಸಿಕಟ್ಟೆ, ದೇವಸ್ಥಾನದ ಗೋಪುರ, ಅಂಗಡಿಯ ಬೋರ್ಡ್ ಇವಕ್ಕೆಲ್ಲ ಇದೊಂದೇ. ಮೀನ್ ವೆಲ್‌ನ ಎಲ್‌ಪಿವಿ-60-24 ಈ ಜಾತಿಯದು: 2.5 ಆಂಪ್, ಪ್ಲಾಸ್ಟಿಕ್ ಮೈ. ಮಂಗಳೂರು, ಉಡುಪಿ, ಕಾರವಾರದಲ್ಲಿ ಉಪ್ಪು ಗಾಳಿ ತಗಡಿನ ಪೆಟ್ಟಿಗೆಯ ಸ್ಕ್ರೂಗಳಿಗೆ ಎರಡು ಮಳೆಗಾಲದಲ್ಲೇ ತುಕ್ಕು ಹಿಡಿಸುತ್ತದೆ, ಅಲ್ಲಿ ಮನೆಯ ಒಳಗೂ ಇದೇ ವಾಸಿ. ಅಡುಗೆಮನೆಗೂ ಹಾಗೇ, ಒಗ್ಗರಣೆಯ ಎಣ್ಣೆ ಹೊಗೆ ತೂತಿನ ಎಸ್‌ಎಂಪಿಎಸ್ ಒಳಗೆ ಜಿಡ್ಡಾಗಿ ಕೂತು ಧೂಳನ್ನು ಹಿಡಿದಿಡುತ್ತದೆ. ಆದರೆ ಐಪಿ67 ಎಂದರೆ ಡ್ರೈವರಿನ ಮೈಗೆ ಮಾತ್ರ. ಅದರಿಂದ ಹೊರಬಂದ ವೈರನ್ನು ಸ್ಟ್ರಿಪ್ ವೈರಿಗೆ ಬರೀ ಟೇಪ್ ಸುತ್ತಿ ಸೇರಿಸಿದರೆ ಮೊದಲ ಮಳೆಗೇ ನೀರು ಆ ಗಂಟಿನೊಳಗೆ ಇಳಿಯುತ್ತದೆ. ಗಂಟನ್ನು ವಾಟರ್‌ಪ್ರೂಫ್ ಡಬ್ಬಿಯೊಳಗೆ ಇಡಿ. ವೈರ್ ಡಬ್ಬಿಗೆ ಕೆಳಗಿನಿಂದ ಒಳಹೋಗಲಿ, ಒಳಹೋಗುವ ಮುನ್ನ ಒಂದು ಜೋತು ಇರಲಿ. ನೀರು ಆ ಜೋತಿನ ತಳದಲ್ಲೇ ತೊಟ್ಟಿಕ್ಕುತ್ತದೆ. ‘ರೇನ್‌ಪ್ರೂಫ್’ ಎಂದು ಮಾರುವ, ತಳದಲ್ಲಿ ತೆರೆದ ತಗಡಿನ ಪೆಟ್ಟಿಗೆ ಇದರ ತಮ್ಮನಲ್ಲ. ಅದು ಸೂರಿನಡಿ ತಡೆಯುತ್ತದೆ, ಆಗುಂಬೆಯ ಗಾಳಿಮಳೆಯ ಎರಚಲನ್ನು ತಡೆಯುವುದಿಲ್ಲ.

ಲ್ಯಾಪ್‌ಟಾಪ್ ಚಾರ್ಜರ್ ತರಹದ ಅಡಾಪ್ಟರ್. 12 ವೋಲ್ಟ್ 2, 3, 5 ಆಂಪ್‌ನಲ್ಲಿ ಸಿಗುತ್ತದೆ. ಪ್ಲಗ್ ಚುಚ್ಚಿದರೆ ಕೆಲಸ ಮುಗಿಯಿತು, 230 ವೋಲ್ಟ್ ಎಲ್ಲೂ ಬಯಲಿಲ್ಲ. ಬಾಡಿಗೆ ಮನೆಯವರಿಗೆ, ಟಿವಿ ಹಿಂದೆ, ಓದುವ ಮೇಜಿಗೆ, ದೇವರ ಮನೆಗೆ ಇದಕ್ಕಿಂತ ಸರಳವಾದದ್ದಿಲ್ಲ. 5 ಆಂಪ್ ಅಡಾಪ್ಟರ್‌ಗೆ 4 ಆಂಪ್ ಮೇಲೆ ಹೊರೆ ಬೇಡ. ಅದರ ಗುಂಡು ಪಿನ್ನು ಸಡಿಲವಾದರೆ ಬಿಸಿಯಾಗಿ ಕರಗುತ್ತದೆ; ತಿಂಗಳಿಗೊಮ್ಮೆ ಮುಟ್ಟಿ ನೋಡಿ.

ಕೊನೆಯದು, ಡ್ರೈವರೇ ಬೇಡದ 230 ವೋಲ್ಟ್ ಸ್ಟ್ರಿಪ್. ಇದನ್ನು ರೋಪ್ ಲೈಟ್ ಎಂದೂ ಕರೆಯುತ್ತಾರೆ. ಪ್ಲಗ್‌ನಲ್ಲಿರುವ ಪುಟ್ಟ ಡಬ್ಬಿ ಎಸಿಯನ್ನು ಡಿಸಿ ಮಾಡುವ ಬರೀ ರೆಕ್ಟಿಫೈಯರ್. ಮೂವತ್ತು ನಲವತ್ತು ಮೀಟರ್ ಒಂದೇ ಓಟದಲ್ಲಿ ಉರಿಯುತ್ತದೆ, ಅಗ್ಗ, ಮದುವೆ ಮನೆಗೆ ಎರಡು ದಿನಕ್ಕೆ ಸರಿ. ಆದರೆ ಅರ್ಧ ಅಥವಾ ಒಂದು ಮೀಟರಿನ ಗುರುತಿನಲ್ಲಿ ಮಾತ್ರ ಕತ್ತರಿಸಬಹುದು. ಮೂಲೆಗೆ ಸರಿಯಾಗಿ ಬರುವುದು ಅಪರೂಪ. ಅಗ್ಗದವು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ನೇರ ಕಾಣದಿದ್ದರೂ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ, ಓದುವವರಿಗೆ ತಲೆನೋವು. ಎಲ್ಲಕ್ಕಿಂತ ಮುಖ್ಯವಾಗಿ ಸ್ಟ್ರಿಪ್‌ನ ಉದ್ದಕ್ಕೂ ಕೊಲ್ಲುವ ವೋಲ್ಟೇಜ್ ಹರಿಯುತ್ತಿರುತ್ತದೆ. ತುದಿಯ ಮುಚ್ಚಳ ಬಿದ್ದುಹೋದರೆ, ಪ್ಲಾಸ್ಟಿಕ್ ಸೀಳಿದರೆ, ಮಗುವಿನ ಕೈ ತಾಗಿದರೆ? ದೇವರ ಮನೆಯ ಮಂಟಪ, ಅಡುಗೆಕಟ್ಟೆ, ವಾರ್ಡ್‌ರೋಬ್, ಮೀನಿನ ತೊಟ್ಟಿ, ಕೈಗೆಟಕುವ ಯಾವ ಕಡೆಯೂ ಇದು ಬೇಡವೇ ಬೇಡ.

ಶಾಖ, ನಿಜವಾದ ಶತ್ರು

ಡ್ರೈವರಿನ ಆಯಸ್ಸು ನಿಂತಿರುವುದು ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಮೇಲೆ. ಅದರ ಒಳಗಿನ ದ್ರವ ಬಿಸಿಗೆ ನಿಧಾನ ಒಣಗುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹತ್ತಿರ ಹತ್ತಿರ ಅರ್ಧವಾಗುತ್ತದೆ ಎಂಬುದು ಕೆಲಸದವರೆಲ್ಲ ಇಟ್ಟುಕೊಂಡಿರುವ ಲೆಕ್ಕ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಆರ್‌ಸಿಸಿ ಛಾವಣಿಗೂ ಜಿಪ್ಸಮ್‌ಗೂ ನಡುವಿನ ಸಂದಿ ಸಂಜೆಯಾದರೂ ತಣಿಯುವುದಿಲ್ಲ. ಅಲ್ಲೇ ಡ್ರೈವರ್ ಇಡಬೇಕಾದರೆ ಶೇ 60ರ ಲೆಕ್ಕ ಹಿಡಿಯಿರಿ, ಅಥವಾ ಡ್ರೈವರನ್ನು ಕೆಳಗೆ ತಂದು ಟಿವಿ ಯೂನಿಟ್ ಹಿಂದೆ, ಲಾಫ್ಟ್ ಪಕ್ಕದಲ್ಲಿ ಇಡಿ. 24 ವೋಲ್ಟ್ ಆರಿಸಿದ್ದರೆ 1.5 ಸ್ಕ್ವೇರ್ ಎಂಎಂ ವೈರಿನಲ್ಲಿ ಅಷ್ಟು ದೂರ ಸಲೀಸು. ಡ್ರೈವರನ್ನು ಥರ್ಮೋಕೋಲ್ ಮೇಲೆ, ಗಾಜಿನ ಉಣ್ಣೆಯ ನಡುವೆ ಇಡಬೇಡಿ. ಒಂದರ ಮೇಲೊಂದು ಪೇರಿಸಬೇಡಿ. ಸುತ್ತ ಮೂರು ನಾಲ್ಕು ಬೆರಳು ಜಾಗ ಬಿಡಿ.

ಡಿಮ್ಮರ್

ಬೆಳಕು ಕಡಿಮೆ ಮಾಡಲು ಸ್ವಿಚ್‌ಬೋರ್ಡಿನ ಹಳೆಯ ರೆಗ್ಯುಲೇಟರನ್ನು ಸಾಮಾನ್ಯ ಎಸ್‌ಎಂಪಿಎಸ್ ಮುಂದೆ ಹಾಕುವುದು ಅದನ್ನು ಕೊಲ್ಲುವ ಹತ್ತಿರದ ದಾರಿ. ಎಸ್‌ಎಂಪಿಎಸ್ ಒಳಬರುವ ವೋಲ್ಟೇಜ್ ಕಡಿಮೆಯಾದರೆ ಹೆಚ್ಚು ಕರೆಂಟ್ ಎಳೆದು ಔಟ್‌ಪುಟ್ ಹಾಗೇ ಇಡಲು ಹೆಣಗುತ್ತದೆ. ಗುಂಯ್‌ಗುಡುತ್ತದೆ, ಕಾಯುತ್ತದೆ, ಸಾಯುತ್ತದೆ. ಸರಿಯಾದ ಜಾಗ ಡ್ರೈವರಿನ ಆಚೆ, ಡಿಸಿ ಕಡೆ. ರಿಮೋಟ್ ಅಥವಾ ವೈಫೈ ಕಂಟ್ರೋಲರ್ ಬೆಳಕನ್ನು ಅತಿ ವೇಗವಾಗಿ ಹಚ್ಚಿ ಆರಿಸಿ ಮಂಕು ಮಾಡುತ್ತದೆ. ಅದರ ಆಂಪ್ ನೋಡಿ ಕೊಳ್ಳಿ: ಆರ್‌ಜಿಬಿಯ ಅಗ್ಗದ ಕಂಟ್ರೋಲರ್ ಬಣ್ಣ ಒಂದಕ್ಕೆ 2 ಆಂಪ್ ಎಂದಿದ್ದರೆ, 12 ವೋಲ್ಟ್‌ನಲ್ಲಿ ಮೂರೂ ಸೇರಿ 72 ವ್ಯಾಟ್. 14.4 ವ್ಯಾಟಿನ 5050 ಸ್ಟ್ರಿಪ್ ಐದು ಮೀಟರ್ ಹಾಕಿದರೆ ಸರಿಯಾಗಿ 72. ಅಂದರೆ ಉಸಿರಾಡಲೂ ಜಾಗವಿಲ್ಲ. ಗೋಡೆಯ ಸ್ವಿಚ್ಚಿನಿಂದಲೇ ಡಿಮ್ ಆಗಬೇಕೆಂದರೆ ‘ಟ್ರಯಾಕ್ ಡಿಮ್ಮಬಲ್’ ಎಂದು ಮೈಮೇಲೆ ಬರೆದ ಡ್ರೈವರೇ ಬೇಕು.

ಕಟ್ಟುವಾಗ ಎಡವುವುದು

ದೂರದ ತುದಿ ಮಂಕಾಗಿದೆ ಎಂದು ಎಸ್‌ಎಂಪಿಎಸ್ ಮೇಲಿನ ವೋಲ್ಟೇಜ್ ತಿರುಪನ್ನು ಏರಿಸುವುದು ಬಹಳ ಜನ ಮಾಡುವ ಕೆಲಸ. ದೂರದ ತುದಿ ಸರಿಯಾಗುವಷ್ಟರಲ್ಲಿ ಹತ್ತಿರದ ತುದಿಯ ಎಲ್‌ಇಡಿಗಳು ಮೇಲೆ ಹೇಳಿದಂತೆ ಮೂರನೇ ಒಂದು ಭಾಗ ಹೆಚ್ಚು ಕರೆಂಟ್ ಕುಡಿಯುತ್ತಿರುತ್ತವೆ. ಅವು ಆರು ತಿಂಗಳಲ್ಲಿ ಕಂದುತ್ತವೆ. ಅದರ ಬದಲು ಡ್ರೈವರಿನಿಂದ ಇನ್ನೊಂದು ಜೊತೆ ವೈರ್ ಎಳೆದು ದೂರದ ತುದಿಗೂ ಕರೆಂಟ್ ಕೊಡಿ.

ಸ್ವಿಚ್ ಆರಿಸಿದ ಮೇಲೂ ಐದಾರು ಸೆಕೆಂಡಿಗೊಮ್ಮೆ ಸ್ಟ್ರಿಪ್ ಚಕ್ ಎಂದು ಹೊಳೆಯುತ್ತಿದ್ದರೆ ಎರಡು ಕಡೆ ಹುಡುಕಿ. ಸ್ವಿಚ್ ಫೇಸ್ ಬದಲು ನ್ಯೂಟ್ರಲನ್ನು ಕಡಿಯುತ್ತಿರಬಹುದು, ಅಥವಾ ಸ್ವಿಚ್ಚಿನಲ್ಲಿ ಕತ್ತಲಲ್ಲಿ ಮಿನುಗುವ ಇಂಡಿಕೇಟರ್ ಇರಬಹುದು. ಆ ಇಂಡಿಕೇಟರ್ ಮೂಲಕ ನುಸುಳುವ ಚೂರು ಕರೆಂಟ್ ಡ್ರೈವರಿನ ಕೆಪ್ಯಾಸಿಟರ್‌ನಲ್ಲಿ ತುಂಬಿಕೊಂಡು, ಸಾಕಾದಾಗ ಡ್ರೈವರನ್ನು ಒಂದು ಕ್ಷಣ ಎಬ್ಬಿಸುತ್ತದೆ. ಸ್ವಿಚ್ ಹಾಕಿರುವಾಗಲೇ ಹೊತ್ತಿ ಆರಿ ಮಾಡುತ್ತಿದ್ದರೆ ಅದು ಬೇರೆ ಕಾಯಿಲೆ: ಹೊರೆ ಹೆಚ್ಚಾಗಿದೆ ಅಥವಾ ಎಲ್ಲೋ ಶಾರ್ಟ್ ಆಗಿದೆ. ಅರ್ಧ ಸ್ಟ್ರಿಪ್ ಬಿಚ್ಚಿ ನೋಡಿ. ಮಿಣುಕು ನಿಂತರೆ ಹೊರೆ ಹೆಚ್ಚಿದ್ದಿರಬೇಕು, ಇಲ್ಲವೇ ಬಿಚ್ಚಿದ ಅರ್ಧದಲ್ಲೇ ಶಾರ್ಟ್ ಇರಬೇಕು. ನಿಲ್ಲದಿದ್ದರೆ ಉಳಿದ ಅರ್ಧದಲ್ಲಿ ಶಾರ್ಟ್ ಹುಡುಕಿ, ಅದೂ ಇಲ್ಲವಾದರೆ ಡ್ರೈವರ್.

ಒಂದೇ ಸ್ವಿಚ್ಚಿಗೆ ನಾಲ್ಕೈದು ಎಸ್‌ಎಂಪಿಎಸ್ ಕಟ್ಟಿದರೆ ಹಾಕಿದ ಕ್ಷಣ ಎಂಸಿಬಿ ಟ್ರಿಪ್ ಆಗಬಹುದು. ಪ್ರತಿಯೊಂದೂ ಶುರುವಾಗುವಾಗ ಮಿಲಿಸೆಕೆಂಡ್ ಲೆಕ್ಕದಲ್ಲಿ 40–60 ಆಂಪ್ ಎಳೆಯುತ್ತದೆ. ಕ್ಷಣದ ಏರಿಕೆಗೂ ಬೇಗ ಬೀಳುವ ಬಿ ಕರ್ವ್ ಎಂಸಿಬಿ ಇದನ್ನು ಶಾರ್ಟ್ ಎಂದು ತಿಳಿಯುತ್ತದೆ. ಅದನ್ನು ಹೆಚ್ಚು ತಾಳುವ ಸಿ ಕರ್ವ್ ಹಾಕಿಸಿ, ಎರಡು ಸ್ವಿಚ್ಚಿಗೆ ಹಂಚಿ.

ಸ್ಟ್ರಿಪ್ ಸೇರಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು 2 ಆಂಪ್ ಮೇಲೆ ನಂಬಬೇಡಿ, ಬೆಸುಗೆ ಹಾಕಿಸಿ. ಸೀಲಿಂಗ್ ಮುಚ್ಚುವ ಮೊದಲು ಎರಡು ಗಂಟೆ ಉರಿಸಿ ಪ್ರತಿ ಸಂದನ್ನೂ ಬೆರಳಿನಿಂದ ಮುಟ್ಟಿ, ಬಿಸಿ ಇರುವ ಕಡೆ ಮತ್ತೆ ಬೆಸೆಯಿರಿ. ಇದು ಕಡಿಮೆ ವೋಲ್ಟಿನ ಸ್ಟ್ರಿಪ್‌ಗೆ ಮಾತ್ರ ಮಾಡುವ ಪರೀಕ್ಷೆ.

ಸೋಲಾರ್ ಬ್ಯಾಟರಿಯಿಂದ ನೇರ 12 ವೋಲ್ಟ್ ಸ್ಟ್ರಿಪ್ ಉರಿಸುವವರಿಗೂ ಒಂದು ಮಾತು. ಚಾರ್ಜ್ ಆಗುವಾಗ ಆ ಬ್ಯಾಟರಿ 14.4ಕ್ಕೆ ಏರುತ್ತದೆ, ರೆಸಿಸ್ಟರ್ ಮೇಲಿನ 2.7 ಆಗ 5.1, ಕರೆಂಟ್ ಎರಡು ಪಟ್ಟಿನ ಹತ್ತಿರ. ನಡುವೆ 12ರಲ್ಲೇ ನಿಲ್ಲಿಸುವ ಬಕ್-ಬೂಸ್ಟ್ ಕನ್ವರ್ಟರ್ ಇರಲಿ.

ಅಂಗಡಿಯಲ್ಲಿ

ಭಾರತದಲ್ಲಿ ಎಲ್‌ಇಡಿ ಡ್ರೈವರ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಮೈಮೇಲೆ ಐಎಸ್ 15885 ಎಂಬ ಮಾನಕದ ಸಂಖ್ಯೆ, ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಅಡಾಪ್ಟರ್‌ಗಳಲ್ಲಿ ಮಾನಕದ ಸಂಖ್ಯೆ ಬೇರೆ, ಆರ್ ಸಂಖ್ಯೆ ಅದೇ ರೀತಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ತಯಾರಕರ ಹೆಸರು ಹೊಂದುತ್ತದೆಯೇ ನೋಡಿ, ಒಂದು ನಿಮಿಷದ ಕೆಲಸ. ಒಂದೇ ಅಂಕಿಯ ಎರಡು ಡ್ರೈವರ್‌ಗಳನ್ನು ಎರಡು ಕೈಯಲ್ಲಿ ತೂಗಿ ನೋಡಿ; ಸಾಮಾನ್ಯವಾಗಿ ಹಗುರವಾದದ್ದರಲ್ಲಿ ಟ್ರಾನ್ಸ್‌ಫಾರ್ಮರ್ ಚಿಕ್ಕದು, ಕೆಪ್ಯಾಸಿಟರ್ ಚಿಕ್ಕದು. ಹೆಸರಿಲ್ಲದ ‘10 ಆಂಪ್’ ಪೆಟ್ಟಿಗೆಯನ್ನು 6–7 ಆಂಪ್ ಎಂದೇ ಎಣಿಸಿ ಹೊರೆ ಹಾಕಿ.

ಮನೆಗೆ ತಂದ ಮೇಲೆ ಪೂರ್ತಿ ಸ್ಟ್ರಿಪ್ ಜೋಡಿಸಿ, ಡ್ರೈವರಿನ ಔಟ್‌ಪುಟ್ ಸ್ಕ್ರೂಗಳ ಮೇಲೆ ವೋಲ್ಟೇಜ್ ಅಳೆಯಿರಿ. 24ರ ಡ್ರೈವರ್ ಹೊರೆ ಹೊತ್ತಾಗ 24ಕ್ಕಿಂತ ಬಹಳ ಕೆಳಗಿಳಿದರೆ, ಒಂದು ಗಂಟೆಯ ನಂತರ ಮೈಮೇಲೆ ಐದು ಸೆಕೆಂಡ್ ಕೈಯಿಡಲಾಗದಷ್ಟು ಕಾದರೆ ಬಿಲ್ ಜೊತೆ ವಾಪಸ್ ಕೊಡಿ. ಕೈಯಿಡುವ ಮುನ್ನ ಮೇನ್ ಆಫ್ ಇರಲಿ. ಸೀಲಿಂಗ್ ಕೆಲಸದವರಿಗೆ ಡ್ರೈವರ್ ಇರುವ ಜಾಗದಲ್ಲಿ ಒಂದಡಿ ಚೌಕದ ಟ್ರ್ಯಾಪ್ ಡೋರ್ ಬಿಡಲು ಮೊದಲೇ ಹೇಳಿ, ಅದರ ಒಳಮೈಯಲ್ಲಿ ಮಾರ್ಕರ್‌ನಿಂದ ವೋಲ್ಟ್, ವ್ಯಾಟ್, ಹಾಕಿದ ತಾರೀಕು ಬರೆದಿಡಿ. ಮುಂದೆ ಏಣಿ ಹತ್ತುವ ಎಲೆಕ್ಟ್ರಿಷಿಯನ್ ಜಿಪ್ಸಮ್ ಕೊರೆಯಬೇಕಾಗುವುದಿಲ್ಲ.